ಕನ್ನಡಕದೊಳಗಿನ ಕನ್ನಡಿ

ಬಾರ್ಸಿಲೋನಾ
ಮಾರ್ಚ್ ೧೪, ಗುರುವಾರ

ನನ್ನ ಮುದ್ದು ಅಮ್ಮಾ,

ಫೋನ್ ಮಾಡಿದರೆ ನೀನು ಮೊದಲು ಕೇಳುವುದು, "ಏನ್ ತಿಂದೆ?" ಅಂತ. ಅದಕ್ಕೇ ಈ ಪತ್ರ. ಇದರಲ್ಲಿ ನಾನು ಹೇಳಿ ಮುಗಿಸುವವರೆಗೆ ನೀನು ನಡುವೆ ಬಾಯಿ ಹಾಕುವಂತಿಲ್ಲ.

"ಅನೊರೆಕ್ಸಿಯಾಗೆ, ಈ ಊಟ ಬಿಡೋ ಕಾಯಿಲೆಗೆ, ಔಷಧಿ ಕೊಡೋದ್ಬಿಟ್ಟು ವಿಡಿಯೋ ಗೇಮ್ ಆಡಿಸ್ತಾರಂತೆ" ಎಂದು ನೀನು ರೋಸರ್ ಚಿಕ್ಕಮ್ಮನ ಹತ್ತಿರ ಗೊಣಗಿದ್ದು ಗೊತ್ತು. ಆಟವಲ್ಲ ಅದು. ಇಲ್ಲಿ ಆಸ್ಪತ್ರೆಯಲ್ಲಿ ಕಣ್ಣು ಪೂರ್ತಿ ಮುಚ್ಚುವ ದಪ್ಪ ಕನ್ನಡಕ ಹಾಕುತ್ತಾರೆ, ಕೈಕಾಲಿಗೆ ಪಟ್ಟಿ ಕಟ್ಟುತ್ತಾರೆ. ಕಣ್ಣು ಬಿಟ್ಟರೆ ಖಾಲಿ ಕೋಣೆ, ಆಳೆತ್ತರದ ಕನ್ನಡಿ, ಅದರಲ್ಲಿ ನನ್ನದೇ ಅಳತೆಯ ಒಬ್ಬಳು. ನಾನು ಕೈ ಎತ್ತಿದರೆ ಅವಳೂ ಎತ್ತುತ್ತಾಳೆ. ಡಾಕ್ಟರ್ ರೆಮೇಯ್ ಒಂದು ಕಡ್ಡಿಯಿಂದ ನನ್ನ ತೋಳು ಸವರುತ್ತಾರೆ. ಅದೇ ಹೊತ್ತಿಗೆ ಕನ್ನಡಿಯಲ್ಲೂ ಒಂದು ಕಡ್ಡಿ ಅವಳ ತೋಳು ಸವರುತ್ತದೆ. ಎರಡೇ ನಿಮಿಷ, ನಾನು ಅವಳೇ ಆಗಿಬಿಟ್ಟೆ! ಅದು ಹೇಗೆ ಎಂದು ಕೇಳಿ ಕೇಳಿ ಡಾಕ್ಟರ ತಲೆ ತಿಂದೆ. (ಸದ್ಯ, ಅದನ್ನಾದರೂ ತಿಂದಳು ಎಂದು ನೀನು ನಗಬಹುದು.) "ನಿನ್ ಮೆದುಳಿಗೆ ಮೋಸ ಮಾಡೋದು ಎಷ್ಟು ಸುಲಭ ನೋಡು. ಇಷ್ಟು ದಿನ ಕಾಯಿಲೆನೂ ಅದನ್ನೇ ಮಾಡಿದ್ದು" ಅಂದರು.

ಮೊದಲ ದಿನ ಸುಳ್ಳು ಹೇಳಿದೆ. ಭಯಕ್ಕೆ ನೂರರಲ್ಲಿ ಎಷ್ಟು ಅಂಕ ಎಂದು ಕೇಳಿದಾಗ ಇಪ್ಪತ್ತು ಅಂದೆ. ಆದರೆ ನನ್ನ ಕಣ್ಣು ಎಲ್ಲೆಲ್ಲಿ ನೋಡಿತು ಎಂದು ಆ ಕನ್ನಡಕ ಗುರುತು ಹಾಕಿಕೊಂಡಿತ್ತು. ಪರದೆಯ ಮೇಲೆ ತೋರಿಸಿದರು: ಹೊಟ್ಟೆ, ತೊಡೆಯ ಮೇಲೆಲ್ಲ ಕೆಂಪು ಚುಕ್ಕಿ. "ಮುಖಾನ ಒಂದ್ಸಲಾನೂ ನೋಡಿಲ್ವಲ್ಲೇ ಕೆರಾಲ್ಟ್! ಇಪ್ಪತ್ತಂತೆ ಇಪ್ಪತ್ತು!" ತೊಂಬತ್ತು ಎಂದು ಒಪ್ಪಿಕೊಂಡೆ.

ಆಮೇಲೆ ವಾರವಾರವೂ ಅವಳಿಗೆ ಸ್ವಲ್ಪ ಸ್ವಲ್ಪವೇ ತೂಕ ಸೇರಿಸುತ್ತ ಬಂದರು. ಮೂರನೆಯ ವಾರ ಕನ್ನಡಕ ಕಿತ್ತೆಸೆದು ಅತ್ತೆ. ಆಗ ಬಾಯಿಬಿಟ್ಟದ್ದನ್ನು ನಿನಗೂ ಹೇಳಬೇಕು. ಒಬ್ಬರ ಹೆಗಲ ಮೇಲೊಬ್ಬರು ನಿಂತು ಕಟ್ಟುವ ನಮ್ಮೂರ ಮಾನವ ಗೋಪುರದ ತುದಿಗೆ ಹತ್ತುತ್ತಿದ್ದವಳು ನಾನಲ್ಲವೇ? ಹನ್ನೊಂದು ತುಂಬಿದ ವರ್ಷ ತಂಡದ ಮುಖ್ಯಸ್ಥ, "ಭಾರ ಆದೆ ಮರಿ, ಇನ್ಮೇಲೆ ಕೆಳಗಿನ ಸಾಲು" ಎಂದು ಬೆನ್ನು ತಟ್ಟಿದ. ಪ್ರೀತಿಯಿಂದಲೇ ಅಂದದ್ದು. ನಿನ್ನ ಹತ್ತಿರ "ಬೇಜಾರಾಯ್ತು, ಬಿಟ್ಟೆ" ಎಂದಿದ್ದೆ. ತಟ್ಟೆಯಲ್ಲಿ ಅರ್ಧ ಉಳಿಸುವುದು ಶುರುವಾದದ್ದು ಆ ವಾರವೇ.

ಎಲ್ಲ ಕೇಳಿಸಿಕೊಂಡ ಡಾಕ್ಟರ್, "ಓಡಿಹೋದ್ರೆ ಭಯ ಬೆಳೆಯುತ್ತೆ ಮಗಳೇ. ಎದುರಿಗೆ ನಿಂತ್ಕೊಂಡ್ರೆ ಅದಕ್ಕೇ ಸುಸ್ತಾಗುತ್ತೆ. ನೋಡ್ತೀಯಾ?" ಎಂದರು. ಭಯಕ್ಕೂ ಸುಸ್ತಾಗುತ್ತದೆಯೇ? ಆ ಕುತೂಹಲಕ್ಕೇ ಮತ್ತೆ ಕನ್ನಡಕ ಹಾಕಿದೆ. ಇಪ್ಪತ್ತೈದು ನಿಮಿಷ ನಿಂತೆ. ತೊಂಬತ್ತು, ತೊಂಬತ್ತು, ಎಂಬತ್ತು... ಕೊನೆಗೆ ನಲವತ್ತು. ನಿಜಕ್ಕೂ ಸುಸ್ತಾಯಿತು, ಅದಕ್ಕೂ ನನಗೂ.

ನಿನ್ನೆ ಅವಳಿಗೆ ಪೂರ್ತಿ ತೂಕ ಬಂತು; ನಾನು ಮುಟ್ಟಬೇಕಾದ ತೂಕ. ರಾಕ್ಷಸಿಯಂತೆ ಕಾಣುತ್ತಾಳೆ ಎಂದು ಹಲ್ಲು ಕಚ್ಚಿ ನಿಂತಿದ್ದೆ. ಕಂಡದ್ದು ಬಸ್ ಸ್ಟಾಪಿನಲ್ಲಿ ನಿಂತಿರುವಂಥ ಯಾರೋ ಒಬ್ಬ ಹುಡುಗಿ, ಅಷ್ಟೇ. ಹೆದರಿಕೆ ಇತ್ತು, ಅರವತ್ತು. ಆದರೂ ಮುಖ ನೋಡಿದೆ. "ನಂಗಾಗೋ ಹಾಗೆ ನಿಂಗೂ ಸದಾ ಚಳಿಯಾಗುತ್ತಾ, ಮೆಟ್ಟಿಲು ಹತ್ತುವಾಗ ನಡುವೆ ಕೂರ್ತೀಯಾ?" ಎಂದು ಅವಳನ್ನು ಕೇಳಬೇಕೆನಿಸಿತು. "ಟೈಮಾಯ್ತು" ಎಂದ ಡಾಕ್ಟರಿಗೆ, "ಇನ್ನೈದ್ ನಿಮಿಷ ಇರ್ಲಿ" ಅಂದೆ.

ಗುಣವಾದಳು ಎಂದು ಚಿಕ್ಕಮ್ಮನಿಗೆ ಹೇಳಿಬಿಡಬೇಡ. ಟೊಮೇಟೊ ಉಜ್ಜಿದ ಒಂದು ತುಂಡು ಬ್ರೆಡ್ಡಿಗೆ ಇವತ್ತೂ ಮುಕ್ಕಾಲು ಗಂಟೆ ಹಿಡಿಯಿತು. ಮಂಗಳವಾರ ಅರ್ಧ ಬಚ್ಚಿಡಲು ಹೋಗಿ ಸಿಕ್ಕಿಬಿದ್ದೆ. ಕನ್ನಡಕ ಬಂದು ತುತ್ತು ಕೊಡುವುದಿಲ್ಲ. ಅಗಿಯಬೇಕಾದವಳು ನಾನೇ.

ನಿನ್ನ
ಕೆರಾಲ್ಟ್

ತಾ.ಕ.: ಕಳೆದ ಭಾನುವಾರ ನೀನು ನನ್ನ ಪಕ್ಕ ಕೂತು, "ನಾನು ರೈಲಲ್ಲೇ ತಿಂದ್ಕೊಂಡ್ ಬಂದೆ" ಅಂದೆ. ಆ ರೈಲಿನಲ್ಲಿ ತಿನ್ನಲು ಏನೂ ಸಿಗುವುದಿಲ್ಲ. ನಿನ್ನ ಚೀಲದಲ್ಲಿ ನನ್ನ ಬಟ್ಟೆ ಬಿಟ್ಟರೆ ಬೇರೇನೂ ಇರಲಿಲ್ಲ. ಏಳು ವರ್ಷ ನಾನೂ ಹೇಳಿದ ಮಾತು ಅದು, ಅದರ ದನಿ ನನಗೆ ಗೊತ್ತು. ನಿನಗೆ ಯಾವಾಗಿನಿಂದ ಇದು ಅಮ್ಮಾ? ಬೈಯಲು ಕೇಳುತ್ತಿಲ್ಲ, ತಿಳಿಯಬೇಕು ಅಷ್ಟೇ. ಈ ಭಾನುವಾರ ಊಟದ ಹೊತ್ತಿಗೆ ಬಾ. ಎರಡು ತಟ್ಟೆ ಹೇಳಿಟ್ಟಿದ್ದೇನೆ.