ಹೋಲ್ಡರಿನ ಸ್ಕ್ರೂ ತರಲು ಹೊರಟಿದ್ದೇನೆ

ಅಕ್ಕಾ,

ನೀನಿನ್ನೂ ಮಲಗಿದ್ದೀಯ, ಎಬ್ಬಿಸಲಿಲ್ಲ. ಲೇತಿನ ಹೋಲ್ಡರಿನಲ್ಲಿ ಕಬ್ಬಿಣ ಕೊರೆಯುವ ಇನ್ಸರ್ಟ್ ಬಿಲ್ಲೆಯನ್ನು ಹಿಡಿಯುವ ಸ್ಕ್ರೂ ಹುಡುಕಿಕೊಂಡು ಪೇಟೆಗೆ ಹೋಗುತ್ತಿದ್ದೇನೆ. ಟೂಲ್ ಅಂಗಡಿಯವರಿಗೆ ಫೋನ್ ಮಾಡಿದ್ದೆ. "ನೋಡೋಕೆ ಎಲ್ಲಾ ಒಂದೇ ಥರ ಇರುತ್ತೆ, ಥ್ರೆಡ್ ಬೇರೆ, ತಲೆಯ ಇಳಿಜಾರು ಬೇರೆ. ಹೋಲ್ಡರನ್ನೇ ತನ್ನಿ, ಕೂರಿಸಿ ನೋಡಿ ಕೊಡ್ತೀನಿ" ಎಂದರು. ಅದಕ್ಕೇ ಹೋಲ್ಡರನ್ನೂ ಮುರಿದ ಸ್ಕ್ರೂವನ್ನೂ ಒಯ್ಯುತ್ತಿದ್ದೇನೆ.

ನಿನ್ನೆ ನಾನು ಬೇಡ ಬೇಡ ಎಂದರೂ "ಸ್ಕ್ರೂ ಅಂದ್ರೆ ಸ್ಕ್ರೂ ಕಣೋ, ಇವತ್ತಿನ ಮಟ್ಟಿಗೆ ತಡ್ಕೊಳ್ಳುತ್ತೆ" ಅಂತ ನೀನು ಡಬ್ಬಿಯಲ್ಲಿ ಸಿಕ್ಕಿದ್ದನ್ನು ಬಿಗಿದೆ. ಲೇತ್ ತಿರುಗಿದ್ದೇ ತಡ, ಅದರ ತಲೆ ಮುರಿದು, ಚೂಪಾದ ಇನ್ಸರ್ಟ್ ಹಾರಿಬಂದು ನಿನ್ನ ಹುಬ್ಬು ಸೀಳಿತು. ಒಂದು ಬೆರಳು ಕೆಳಗೆ ತಗುಲಿದ್ದರೆ ಕಣ್ಣೇ ಹೋಗುತ್ತಿತ್ತು. ಹೊಲಿಗೆ ಹಾಕಿಸಿಕೊಳ್ಳುತ್ತಲೇ ನೀನು ಡಾಕ್ಟರನ್ನು ಕೇಳಿದ್ದು "ನಾಳೆ ಲೇತ್ ಮುಂದೆ ನಿಲ್ಲಬಹುದಾ?" ಅಂತ. ನನಗಂತೂ ಮೈಯೆಲ್ಲ ಉರಿದುಹೋಯಿತು.

ತಿಂಡಿ ಮುಚ್ಚಿಟ್ಟಿದ್ದೇನೆ. ತಿಂದ ಮೇಲೆ ಮಾತ್ರೆ ತಗೋ. ಗಾಯಕ್ಕೆ ನೀರು ಸೋಕಿಸಬೇಡ. ಬೇಕರಿಯವರು ಹಿಟ್ಟು ಕಲಸುವ ಮೆಷಿನ್ನಿನ ಶಾಫ್ಟ್ ಕೇಳಿಕೊಂಡು ಬಂದರೆ ನಾಳೆ ಸಂಜೆ ಎನ್ನು. ಮೊದಲು ಕೂಗಾಡುತ್ತಾರೆ, ಆ ಪಟ್ಟಿ ಕಟ್ಟಿದ ಮುಖ ನೋಡಿದ ಮೇಲೆ ತಾವೇ ಸುಮ್ಮನಾಗುತ್ತಾರೆ.

ಇನ್ನೊಂದು ಹೋಲ್ಡರ್ ಇದೆಯಲ್ಲ, ಅದನ್ನು ಹಾಕಿ ಸ್ವಲ್ಪ ಓಡಿಸಿಬಿಡೋಣ ಅಂತ ನಿನಗೆ ಅನ್ನಿಸಿಯೇ ಅನ್ನಿಸುತ್ತದೆ. ನಾನು ಹುಟ್ಟಿದಾಗಿನಿಂದ ನಿನ್ನನ್ನು ನೋಡುತ್ತಿದ್ದೇನೆ. ಸುಮ್ಮನೆ ಸ್ವಿಚ್ ಒತ್ತಿ ಒತ್ತಿ ಸುಸ್ತಾಗಬೇಡ. ಲೇತಿನ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡು ಹೋಗುತ್ತಿದ್ದೇನೆ.

ನಿನ್ನ ತಮ್ಮ