ಅಕ್ಕ ಓದಿದ ಅಂಕಣ

ಕಾಪು
12-9-1984

ಪ್ರೀತಿಯ ತಂಗಿ ಕುಶಲಾಳಿಗೆ,

ನಿನ್ನ ಪುಸ್ತಕ ಬಿಡುಗಡೆಯ ಕಾಗದ ತಲುಪಿತು. ಅಮ್ಮನ ಕಾಲಿನ ಬಾವು ಇಳಿದಿದೆ. ಬಿಡುಗಡೆಯ ದಿನ ಮಣಿಪಾಲಕ್ಕೆ ಖಂಡಿತ ಕರೆದುಕೊಂಡು ಬರುತ್ತೇನೆ. ಅದಕ್ಕೆ ಮೊದಲು ನಿನಗೊಂದು ವಿಷಯ ತಿಳಿಸಬೇಕು.

ಅಮ್ಮನಿಗೆ ಓದು ಬಾರದಲ್ಲ. ಪ್ರತಿ ಭಾನುವಾರ ಬೇಗ ಮಿಂದು, ತಲೆ ಬಾಚಿ, ಯಾರೋ ನೆಂಟರು ಬರುವ ಹಾಗೆ ಜಗಲಿಯಲ್ಲಿ ಕೂತುಕೊಳ್ಳುತ್ತಾರೆ. ನಾನು ನಿನ್ನ ಅಂಕಣ ಓದಿ ತುಳುವಿನಲ್ಲಿ ಹೇಳಬೇಕು. ನೀನು ಅಮ್ಮನ ಬಗ್ಗೆ ಬರೆಯುವುದೆಂದರೆ ಜನರಿಗೂ ಬಹಳ ಇಷ್ಟ. ಹೋದ ತಿಂಗಳು ಕಾರ್ಕಳದಿಂದ ಇಬ್ಬರು ಹೆಂಗಸರು ಅಮ್ಮನನ್ನು ನೋಡಲೆಂದೇ ಬಂದಿದ್ದರು. ಶಾಲೆಯಲ್ಲಿ ಪಾಠ ಮುಗಿಸಿ ಬಂದವಳು ಸೀರೆಯನ್ನೂ ಬದಲಿಸದೆ ಚಹಾ ಮಾಡಿ ಕೊಟ್ಟೆ. ನೀವು ಇವರಿಗೆ ಎಂತ ಆಗಬೇಕು ಎಂದು ಕೇಳಿದರು. ಹಿರಿಯ ಮಗಳು ಎಂದೆ. ಕುಶಲಾ ಅವರಿಗೊಬ್ಬರು ಅಕ್ಕ ಉಂಟೆಂದು ಗೊತ್ತೇ ಇರಲಿಲ್ಲ ಎಂದರು.

ಕಳೆದ ಭಾನುವಾರ ಪತ್ರಿಕೆ ಬಿಡಿಸಿದೆ. ನಿನ್ನ ಹೆಸರು, ನಿನ್ನ ಚಿತ್ರ. ಓದಲು ಬಾಯಿ ಬರಲಿಲ್ಲ. ಪತ್ರಿಕೆಯನ್ನು ಮುಖದೆದುರು ಹಿಡಿದುಕೊಂಡು ನನ್ನದೇ ಒಂದು ಕಥೆ ಹೇಳಿದೆ. ಕಡಲು ಅಂಗಳಕ್ಕೆ ನುಗ್ಗಿದ ವರ್ಷ ಅಮ್ಮ ನಮ್ಮಿಬ್ಬರನ್ನು ಬಿಟ್ಟು ಕೋಳಿಗಳನ್ನು ಎತ್ತಿಕೊಂಡು ಓಡಿದ್ದು, ಅರ್ಧ ದಾರಿಯಲ್ಲಿ ನೆನಪಾಗಿ ಹಿಂದೆ ಬಂದು, ನೀರಿನಲ್ಲಿ ಯಾಕೆ ನಿಂತಿದ್ದೀರಿ ಎಂದು ನಮಗೇ ಬೈದದ್ದು. ನಿನಗೆ ನೆನಪಿರಲಾರದು. ನೀನು ನನ್ನ ಸೊಂಟದ ಮೇಲಿದ್ದೆ.

ಅಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಕುಶಲಾ ಇಷ್ಟು ಚಂದ ಯಾವತ್ತೂ ಬರೆದದ್ದಿಲ್ಲ ಎಂದರು. ನನಗೆ ಒಂದು ಗಳಿಗೆ ಹಿಗ್ಗು, ಕೂಡಲೇ ಹೊಟ್ಟೆಯೆಲ್ಲ ಉರಿ. ನಾನು ಹೇಳಿದ್ದಕ್ಕೂ ಹೊಗಳಿಕೆ ನಿನಗೇ.

ಈಗ ಅಮ್ಮನದು ಒಂದೇ ಹಠ. ಬಿಡುಗಡೆಯ ದಿನ ನೀನು ಆ ಕೋಳಿಗಳ ಕಥೆಯನ್ನೇ ಓದಬೇಕಂತೆ. ನೆರೆಯವರಿಗೆಲ್ಲ ಹೇಳಿಯಾಗಿದೆ. ಹಾಗಾಗಿ ಅದನ್ನು ಬರೆದು ಇದರೊಟ್ಟಿಗೆ ಕಳುಹಿಸಿದ್ದೇನೆ. ನಿನ್ನದೆಂದೇ ಓದು. ಅಮ್ಮನ ಸಂತೋಷ ಕೆಡಿಸುವುದು ಬೇಡ. ನನಗೇನೂ ಬೇಸರವಿಲ್ಲ.

ನಿನ್ನ ಅಕ್ಕ,
ಬೇಬಿ

ತಾ.ಕ.: ಲಕೋಟೆ ಅಂಟಿಸುವ ಮೊದಲು ಮತ್ತೊಮ್ಮೆ ಓದಿ ನೋಡಿದೆ. ಬೇಸರವಿಲ್ಲ ಎಂದದ್ದು ಸುಳ್ಳು. ಅಂದು ಓದಲು ನಿಂತಾಗ, ಅಮ್ಮ ಕೂತಲ್ಲಿಗೆ ಕೇಳುವ ಹಾಗೆ, ತುಳುವಿನಲ್ಲೇ ಹೇಳು, ಇದು ಅಕ್ಕನದು ಎಂದು.