ಹಳೆಯ ಪ್ರೊಸೆಸರು, ಇವರ ದನಿ

ನವೆಂಬರ್ 6, ಬೆಳಿಗ್ಗೆ

ಮತ್ತೆ ಬ್ಲೂ ಸ್ಕ್ರೀನ್, ಕಂಪ್ಯೂಟರು ಕೈಕೊಟ್ಟಿತು. ಪ್ರೊಸೆಸರಿನ ವೇಗವನ್ನು 4.4 ಗಿಗಾಹರ್ಟ್ಸ್‌ಗೆ ಏರಿಸಿದ್ದೆ, ಐದು ನಿಮಿಷವೂ ನಿಲ್ಲಲಿಲ್ಲ. 4.2ಕ್ಕೆ ಇಳಿಸಿ ವೋಲ್ಟೇಜ್ ಒಂದು ಚೂರು ಹೆಚ್ಚಿಸಿದೆ. ಫ್ಯಾನು ಅರಚುತ್ತಿದೆ, ಆದರೆ ಸಿಸ್ಟಮ್ಮು ತಡೆದುಕೊಂಡಿದೆ. ಇಷ್ಟು ವರ್ಷ ಲಗ್ನಪತ್ರಿಕೆ, ಪ್ರಶ್ನೆಪತ್ರಿಕೆ ಅಂತ ಡಿಟಿಪಿ ಮಾಡಿಸಿಕೊಂಡು ದುಡಿಸಿದ್ದೇನೆ. ಈ ವಯಸ್ಸಿನಲ್ಲಿ ಅದರ ಕಿವಿ ಹಿಂಡುತ್ತಿದ್ದೇನೆ.

ಇವರು ಹಿಂದೆ ನಿಂತು ನೋಡುತ್ತಿದ್ದರು. "ಬಿಡೇ ಪಾಪ, ಅದಕ್ಕೂ ರಿಟೈರ್‌ಮೆಂಟ್ ಕೊಡು." ಕೊನೆಯಲ್ಲಿ ನಾಲಿಗೆ ತೊಡರಿತು. ಇಬ್ಬರೂ ಕೇಳಿಸದವರ ಹಾಗೆ ಇದ್ದುಬಿಟ್ಟೆವು.

ನವೆಂಬರ್ 9

ಆಸ್ಪತ್ರೆಯ ಮಾತಿನ ಥೆರಪಿಸ್ಟ್ ಹುಡುಗಿ ಹೋದ ವಾರ ಹೇಳಿದ್ದನ್ನೇ ಇವತ್ತು ಮತ್ತೆ ಬಿಡಿಸಿ ಹೇಳಿದಳು. ನರದ ಕಾಯಿಲೆ ನಾಲಿಗೆಗೆ ಇಳಿದಿದೆ, ಕೆಲವೇ ತಿಂಗಳಲ್ಲಿ ಮಾತು ನಿಲ್ಲಬಹುದು. ಅಷ್ಟರೊಳಗೆ ಇವರಿಂದ ವಾಕ್ಯಗಳನ್ನು ಓದಿಸಿ ರೆಕಾರ್ಡ್ ಮಾಡಿಟ್ಟರೆ ಕಂಪ್ಯೂಟರು ದನಿಯನ್ನು ಕಲಿಯುತ್ತದೆ. ಆಮೇಲೆ ಇವರು ಟೈಪ್ ಮಾಡಿದ್ದನ್ನು ಇವರದೇ ದನಿಯಲ್ಲಿ ಹೇಳುತ್ತದೆ. ಆದರೆ ನಮ್ಮಂಥ ಹಳೆ ಸಿಸ್ಟಮ್ಮು ಕಲಿಯಲು ವಾರಗಟ್ಟಲೆ ತೆಗೆದುಕೊಳ್ಳುತ್ತದಂತೆ. ಅದಕ್ಕೇ ನನಗೆ ವೇಗ ಏರಿಸುವ ಈ ಓವರ್‌ಕ್ಲಾಕ್ ಹುಚ್ಚು.

ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು. ಎಂಥ ರಷ್ಷಿದ್ದರೂ ಹಿಂದಿನ ಬಾಗಿಲಿಂದ ಡ್ರೈವರಿಗೆ ಮುಟ್ಟುವ ದನಿ. ಮನೆಯಲ್ಲಿ ಉಪ್ಪು ಕೇಳಿದರೆ ಪಕ್ಕದ ಮನೆಯವರು ತಂದುಕೊಡಬೇಕು, ಹಾಗೆ. ‘ಸ್ವಲ್ಪ ಮೆಲ್ಲಗೆ ರೀ’ ಅಂತ ಎಷ್ಟು ಸಲ ರೇಗಿದ್ದೇನೆ…

ನವೆಂಬರ್ 13

ಮೈದುನ ತನ್ನ ಕಂಪ್ಯೂಟರ್ ರಿಪೇರಿ ಅಂಗಡಿಯಿಂದ ಮೆಮೊರಿ ಹೆಚ್ಚಿಸಲು ಇನ್ನೊಂದು ರ‍್ಯಾಮ್ ತಂದುಕೊಟ್ಟ. ನಮ್ಮದರ ವೇಗ 1600, ಅವನು ತಂದದ್ದು 1333.

"ಎರಡನ್ನೂ 1333ಕ್ಕೇ ಇಡಿ ಅತ್ತಿಗೆ. ಜೋರಾಗಿ ಓಡೋದೇ ನಿಧಾನದ್ದಕ್ಕೆ ಹೊಂದ್ಕೋಬೇಕು."

"1600ಕ್ಕೆ ಎಳೆದ್ರೆ?"

"ಎಳೀಬಹುದು. ಆದ್ರೆ ಒಂದು ದಿನ ಪೂರ್ತಿ ಮೆಮೊರಿ ಟೆಸ್ಟ್ ಓಡಿಸ್ದೆ ನಂಬಬೇಡಿ. ಸಿಸ್ಟಮ್ ಚೆನ್ನಾಗೇ ನಡೀತಿರುತ್ತೆ, ಒಳಗೆ ಫೈಲ್ ಕೆಡ್ತಾ ಇರುತ್ತೆ. ಗೊತ್ತೇ ಆಗಲ್ಲ."

ನಾನು ಅದನ್ನು ಸ್ಲಾಟಿನಲ್ಲಿ ಕೂರಿಸುವಾಗ ಇವರು ಬಗ್ಗಿ ನೋಡಿ, "ಮುಂದೆ ಹೋಗಿ, ಮುಂದೆ ಹೋಗಿ, ಒಳಗೆ ಜಾಗ ಇದೆ" ಅಂದರು. ಮೂವರೂ ನಕ್ಕೆವು.

1600ಕ್ಕೇ ಇಟ್ಟಿದ್ದೇನೆ. ಟೆಸ್ಟ್ ಓಡುತ್ತಿದೆ.

ನವೆಂಬರ್ 14, ಬೆಳಿಗ್ಗೆ

ಎದ್ದವರೇ ಮಾತಾಡಿದರು — ಸ್ವಚ್ಛವಾಗಿ! ಒಂದಕ್ಷರ ತೊಡರಲಿಲ್ಲ. ಇಂಥ ದನಿ ಕೇಳಿ ಎಷ್ಟು ದಿನವಾಗಿತ್ತು. ನಾಳೆ ಹೀಗೇ ಇರುತ್ತದೆಂದು ಯಾರು ಬಲ್ಲರು? ಟೆಸ್ಟ್ ಇನ್ನೂ ಅರ್ಧಕ್ಕೂ ಬಂದಿರಲಿಲ್ಲ. ಒಂದೂ ಎರರ್ ಇಲ್ಲ. ನಿಲ್ಲಿಸಿಬಿಟ್ಟೆ. ಮೈಕ್ ಮುಂದೆ ಕೂರಿಸಿದೆ. ಮಧ್ಯಾಹ್ನದವರೆಗೂ ಓದಿದರು, ಸ್ಟಾಪು ಕೂಗುವವರ ಗತ್ತಿನಲ್ಲೇ.

ನವೆಂಬರ್ 30

ಕೊನೆಯ ವಾಕ್ಯವೂ ಆಯಿತು. ಡಿಸ್ಕ್ ತುಂಬಿ ಹೋಗಿತ್ತು. ಎಲ್ಲ ರೆಕಾರ್ಡಿಂಗನ್ನೂ ಕುಗ್ಗಿಸಿ ಸೇರಿಸಿ ಒಂದೇ ಜಿಪ್ ಫೈಲ್ ಮಾಡಿದೆ, ಬಿಡಿ ಫೈಲುಗಳನ್ನು ಅಳಿಸಿದೆ. ಪೆನ್‌ಡ್ರೈವಿಗೂ ಅದನ್ನೇ ಹಾಕಿಟ್ಟೆ. ಇನ್ನು ಇವರ ದನಿಗೆ ಭಯವಿಲ್ಲ. ನಿರಾಳ.

ಡಿಸೆಂಬರ್ 22

ರೆಕಾರ್ಡಿಂಗ್ ಮುಗಿದ ಮರುದಿನವೇ ಬಚ್ಚಲಲ್ಲಿ ಬಿದ್ದರು. ಸೊಂಟ ಮುರಿಯಿತು. ಆಸ್ಪತ್ರೆಯಿಂದ ನಿನ್ನೆ ಮನೆಗೆ ಬಂದದ್ದು. ಮಾತು ಮುದ್ದೆಯಾಗಿದೆ, ನನಗೆ ಮಾತ್ರ ಅರ್ಥವಾಗುವಷ್ಟು. ಇನ್ನು ತಡ ಬೇಡವೆಂದು ಕಲಿಕೆ ಶುರುಮಾಡಲು ಕೂತೆ.

ಜಿಪ್ ತೆರೆಯುತ್ತಿಲ್ಲ. ಫೈಲ್ ಕೆಟ್ಟಿದೆ ಅನ್ನುತ್ತದೆ. ಪೆನ್‌ಡ್ರೈವ್ ಹಾಕಿದೆ — ಅದೂ ಅದೇ. ಮತ್ತೆ ಹಾಕಿದೆ… ಮತ್ತೆ ಹಾಕಿದೆ.

ಡಿಸೆಂಬರ್ 23

ಮೈದುನ ಅಂಗಡಿ ಮುಚ್ಚಿಕೊಂಡು ಓಡಿ ಬಂದ. ಮೆಮೊರಿ ಟೆಸ್ಟ್ ಹಾಕಿದ. ಕೆಲವು ಗಂಟೆ ಏನೂ ಇಲ್ಲ, ಆಮೇಲೆ ಎರರ್‌ಗಳ ಕೆಂಪು ಸಾಲು, ಕೆಂಪು ಸಾಲು.

"ಅತ್ತಿಗೆ… ಅವತ್ತು ಟೆಸ್ಟ್ ಪೂರ್ತಿ ಓಡಿಸಿದ್ರಾ?"

ಅರ್ಧಕ್ಕೂ ಮುಂಚೆ ನಿಲ್ಲಿಸಿದೆ ಅಂದೆ. ಅವನು ಜಿಪ್‌ನಿಂದ ಎರಡು ಮೂರು ವಾಕ್ಯ ಕಿತ್ತು ತೆಗೆದ. ಬರೀ ಗರಗರ.

ಡಿಸೆಂಬರ್ 26

ಹೇಳಿಬಿಟ್ಟೆ. "ನಿಮ್ಮ ದನಿ ಕಳೆದುಬಿಟ್ಟೆ ರೀ, ನಾನೇ ಕೈಯಾರೆ." ಬೈಯಲಿ, ಸಿಟ್ಟಾಗಲಿ ಅಂತ ಕಾದೆ. ಕೊನೆಗೆ ಒಂದೊಂದೇ ಪದ ಕೂಡಿಸಿ ಹೇಳಿದರು:

"ಆ ದನಿ ಬಸ್ಸಿಂದು ಕಣೇ. ಇದು ಮನೇದು. ಇದನ್ನೇ ತಗೋ."

ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಜನವರಿ 4

ಎರಡೂ ರ‍್ಯಾಮ್ 1333. ಪ್ರೊಸೆಸರನ್ನೂ ಅದರ ಹುಟ್ಟು ವೇಗಕ್ಕೇ ಇಳಿಸಿದೆ, 3.3. ಟೆಸ್ಟ್ ದಿನ ಪೂರ್ತಿ, ಮತ್ತೊಂದು ದಿನ ಪೂರ್ತಿ. ಕ್ಲೀನ್. ಇವರು ಮತ್ತೆ ಮೈಕ್ ಮುಂದೆ. ಒಂದು ವಾಕ್ಯ, ಒಂದು ಗುಟುಕು ನೀರು, ಸ್ವಲ್ಪ ಕಣ್ಣು ಮುಚ್ಚುವುದು, ಇನ್ನೊಂದು ವಾಕ್ಯ. ಬಿಡಿ ಫೈಲುಗಳನ್ನು ಮೂರು ಕಡೆ ಕಾಪಿ ಮಾಡಿದ್ದೇನೆ. ಕಾಪಿಯನ್ನು ತೆರೆದು ಕೇಳದೆ ಎದ್ದೇಳುವುದಿಲ್ಲ.

ಜನವರಿ 27

ಮಾತು ನಿಂತು ಐದಾರು ದಿನವಾಯಿತು. ಕೊನೆಯ ಮಾತು ಯಾವುದೆಂದು ಎಷ್ಟು ಯೋಚಿಸಿದರೂ ಹೊಳೆಯುತ್ತಿಲ್ಲ. ‘ದಿಂಬು’ ಅಂದರೆಂದು ಕಾಣುತ್ತದೆ.

ಸಿಕ್ಕ ವಾಕ್ಯಗಳಷ್ಟನ್ನೇ ಕೊಟ್ಟು ಕಲಿಕೆ ಶುರುಮಾಡಿದೆ. ಈ ವೇಗದಲ್ಲಿ ಮಾರ್ಚ್ ಬೇಕು. ಇವರು ಫೋನಿನಲ್ಲಿ ಬೆರಳಾಡಿಸಿ ಮಾತಾಡುತ್ತಾರೆ. ಹಾಸಿಗೆಯಿಂದ ಪರದೆ ಕಾಣುವ ಹಾಗೆ ಟೇಬಲ್ ತಿರುಗಿಸಿದ್ದೇನೆ.

ಫೆಬ್ರವರಿ 11

ಶೇಕಡ ನಲವತ್ತು. ಇವರಿಗೆ ಉಸಿರು ಕಷ್ಟವಾಗುತ್ತಿದೆ. ಡಾಕ್ಟರು ನನ್ನ ಮುಖ ನೋಡದೆ ಮಾತಾಡಿದರು.

ಮೈದುನ ಹೇಳಿದ, "ಕೆಡಿಸಿದ್ದು ಮೆಮೊರಿ ಅತ್ತಿಗೆ, ಪ್ರೊಸೆಸರಲ್ಲ. ಅದನ್ನ 4.2ಕ್ಕೆ ಏರಿಸಿದ್ರೆ ಏನೂ ಆಗಲ್ಲ, ಬೇಗ ಮುಗಿಯುತ್ತೆ." ನಿಜ, ನನಗೂ ಗೊತ್ತು. ರೀಸ್ಟಾರ್ಟ್ ಮಾಡಲು ಹೋದೆ, ಕೈ ಹಿಂದೆಗೆದೆ. ಮೂರು ಕಾಪಿಯಿದ್ದರೂ, ಇನ್ನೊಂದು ಸಲ ಕೆಟ್ಟರೆ? ಮತ್ತೆ ಓದಲು ದನಿಯೇ ಇಲ್ಲವಲ್ಲ. ಇವರು ಮಂಚ ತಟ್ಟಿ ಕರೆದು ಫೋನು ತೋರಿಸಿದರು: ‘ಮುಟ್ಟಬೇಡ. ಕಾಯ್ತೀನಿ.’

ಮುಟ್ಟಲಿಲ್ಲ.

ಮಾರ್ಚ್ 4

ಕಾಯಲಿಲ್ಲ. ಶುಕ್ರವಾರ ಆಸ್ಪತ್ರೆಯಲ್ಲಿ ಹೋದರು.

ಇವರನ್ನು ಮನೆಗೆ ಕರೆತಂದಾಗ ಮೂಲೆಯಲ್ಲಿ ಫ್ಯಾನು ತಿರುಗುತ್ತಲೇ ಇತ್ತು. ಬಂದವರಲ್ಲಿ ಯಾರೋ ಪಾಪ, ಶಬ್ದವೆಂದು ಆಫ್ ಮಾಡಲು ಹೋದರು. ಎಲ್ಲರೆದುರು ಕಿರುಚಿಬಿಟ್ಟೆ.

4.2ಕ್ಕೆ ಏರಿಸಿದ್ದರೆ ಮುಗಿದಿರುತ್ತಿತ್ತು. ಇವರು ಒಂದು ಮಾತಾದರೂ ಆಡಿ ಹೋಗುತ್ತಿದ್ದರು. ಅವಸರ ಮಾಡಿ ಒಂದು ಸಲ ಕಳೆದೆ, ಹೆದರಿ ಇನ್ನೊಂದು ಸಲ.

ಮಾರ್ಚ್ 6, ಮಧ್ಯಾಹ್ನ

ಮುಗಿದಿದೆ. ಫ್ಯಾನಿನ ಸದ್ದು ಇಳಿದಾಗಲೇ ಗೊತ್ತಾಯಿತು. ಪರದೆಯ ಮೇಲೆ ಒಂದು ಖಾಲಿ ಬಾಕ್ಸು. ಇಲ್ಲಿ ಟೈಪ್ ಮಾಡಿ ಅನ್ನುತ್ತದೆ.

ಏನು ಟೈಪ್ ಮಾಡಲಿ? ‘ಕ್ಷಮಿಸಿದೆ’ ಅಂತ ಇವರ ದನಿಯಿಂದ ಅನ್ನಿಸಬಹುದು. ಏನು ಬೇಕಾದರೂ ಅನ್ನಿಸಬಹುದು. ನಾಚಿಕೆಯಾಯಿತು. ಬರೆದೆ, ಅಳಿಸಿದೆ. ಆಮೇಲೆ ಸುಮ್ಮನೆ ‘ಊಟ ಆಯ್ತೇನೇ’ ಅಂತ ಹೊಡೆದು ಎಂಟರ್ ಒತ್ತಿದೆ.

ಕೇಳಿದರು. ಅದೇ ಮುದ್ದೆ ದನಿ, ಮನೆಯದು. ಕೊನೆಯಲ್ಲಿ ಅದೇ ತೊಡರು.

"ಇನ್ನೂ ಇಲ್ಲ ರೀ" ಅಂದೆ, ಗಟ್ಟಿಯಾಗಿಯೇ. ಅಂದು ಅವರ ಉತ್ತರಕ್ಕೆ ಕಾದೆ. ಬಾಕ್ಸು ಖಾಲಿ. ಅದನ್ನೂ ನಾನೇ ಟೈಪ್ ಮಾಡಬೇಕು. ಇವರಾಗಿದ್ದರೆ ಏನನ್ನುತ್ತಿದ್ದರು… ಇವರಾಗಿದ್ದರೆ —